ಮಾಯಮ್ಮನ ಮಂಚ ಎಲ್ಲಿರಬೇಕು?

ಸಿಂಧಘಟ್ಟದ ನಿಂಗರಾಜುವಿಗೆ ಚಿಕ್ಕಂದಿನಿಂದಲೂ ಮಾಯಮ್ಮತ್ತೆಯ ಬಾಯಿ ಎಂದರೆ ಭಯ, ಅವಳು ಎಂದರೆ ಪ್ರಾಣ. ಅವಳು ಅವನಪ್ಪ ರಂಗಸ್ವಾಮಿಯ ತಂಗಿ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಣ್ಣನ ಮನೆಯ ದನಕರು, ಗದ್ದೆಯ ಕಳೆ, ಮಕ್ಕಳ ಸಿಂಬಳ ಎಲ್ಲವನ್ನೂ ತನ್ನದೇ ಅಂದುಕೊಂಡು ದುಡಿದಳು. ಬೈದುಕೊಂಡೇ ಮುದ್ದೆ ತಿನ್ನಿಸುವಳು. "ತಿನ್ಲಾ ಮೂದೇವಿ, ಗಾಳಿ ಬಂದ್ರೆ ತೂರ್ಕೊಂಡೋಯ್ತೀಯ" ಅನ್ನುವಳು.

ಈಗ ಆ ಬಾಯಿ ಸುಮ್ಮನಾಗಿತ್ತು. ಹೊಟ್ಟೆಯೊಳಗೆ ಗಡ್ಡೆ. ಮೈಸೂರಿನ ಡಾಕ್ಟರು ನೋಡಿ, "ವಾಸಿಯಾಗುವ ಹಂತ ದಾಟಿದೆ. ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ" ಎಂದು ಕಳಿಸಿದ್ದರು. ಮನೆಯವರು ಮೊದಲ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಅಲ್ಲೇ ಬಿಟ್ಟು ಬಂದರು. ಬಂದವರೇ ಮಾಯಮ್ಮನ ಮಂಚವನ್ನು ಹಿತ್ತಿಲ ಕೊಟ್ಟಿಗೆಗೆ ಹಾಕಿದರು.

ಅದಕ್ಕೆ ಕಾರಣವೂ ಇತ್ತು ಅನ್ನಿ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ ಬಾಗಿಲು ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು ಎಂಬುದು ಹಿರಿಯರು ನಡೆಸಿಕೊಂಡು ಬಂದ ರೂಢಿ. ನಿಂಗರಾಜುವಿನ ಹೆಂಡತಿ ಪವಿತ್ರ ತುಂಬು ಬಸುರಿ. ಎರಡನೆಯ ಹೆರಿಗೆಯಾದ್ದರಿಂದ ಬಾಣಂತನ ಇಲ್ಲೇ. ಹಸುಗೂಸನ್ನು ಕಟ್ಟಿಕೊಂಡು ಯಾರ ಜಗಲಿಗೆ ಹೋಗುವುದು?

ಒಂದು ಬೆಳಗ್ಗೆ ಪವಿತ್ರಳನ್ನು ನೋಡಲು ನರ್ಸ್ ನಾಗಲಕ್ಷ್ಮಮ್ಮ ಬಂದರು. ಕೃಷ್ಣರಾಜಪೇಟೆಯ ಅಕ್ಕಸಾಲಿಗರ ಮನೆಯ ಹೆಣ್ಣುಮಗಳು. ಪೋಲಿಯೋ ಹನಿಯಿಂದ ಹೆರಿಗೆಯವರೆಗೂ ಊರಿಗೆ ಅವರೇ ದಿಕ್ಕು. ಕೈ ತೊಳೆಯಲು ಹಿತ್ತಿಲಿಗೆ ಬಂದವರು ಕೊಟ್ಟಿಗೆಯ ಮುಂದೆ ನಿಂತುಬಿಟ್ಟರು. ಮಾಯಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಒಣಗಿ ಬಿರಿದಿತ್ತು.

"ನಿಂಗರಾಜು, ನೋವಿಗೆ ಏನ್ ಕೊಡ್ತಿದ್ದೀರಪ್ಪ?"

"ಕೇಳ್ದೆ ನರ್ಸಮ್ಮ. ನೋವಿಲ್ಲ, ಏನೂ ಬ್ಯಾಡ ಅಂದ್ಬುಟ್ಲು. ನೀರೂ ಬ್ಯಾಡ ಅಂತಳೆ."

ಸಗಣಿ ಬಾಚುತ್ತಿದ್ದ ಅವನ ತಾಯಿ ಪುಟ್ಟತಾಯಮ್ಮ ತಲೆಯೆತ್ತಿದಳು. "ವಾಸಿಯಾಗ್ದಿರೋ ಕಾಯ್ಲೆಗೆ ಮಾತ್ರೆ ಯಾಕವ್ವ? ಓಗೋ ಜೀವನ ಇಡ್ಕಂಡು ನಿಲ್ಸಕ್ಕಾದದಾ?"

"ನಿಲ್ಸಕ್ಕಲ್ಲ ಪುಟ್ಟತಾಯವ್ವ. ಇರೋಗಂಟ ನರಳ್ದಂಗೆ ಇರ್ಲಿ ಅಂತ. ಕಾಯ್ಲೆ ವಾಸಿಯಾಗ್ದಿದ್ರೂ ನೋವು ಕಮ್ಮಿ ಮಾಡಕ್ಕೆ ಮದ್ದದೆ."

"ಅವ್ಳೇ ಬ್ಯಾಡ ಅಂದ್ಮೇಲೆ?"

ನಾಗಲಕ್ಷ್ಮಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. "ಅಲ್ಲವ್ವ, ಬೀಗ್ರು ಊಟಕ್ಕೆ ಕೂತು ಸಾಕು ಅಂದ್ರೆ ಬುಟ್ಬುಡ್ತೀಯ? ಎಲೆಗೆ ಕೈ ಅಡ್ಡ ಇಟ್ರೂ ಸಂದೀಲಿ ಮುದ್ದೆ ಇಡ್ತೀಯ. ಮನೆಗೆ ದುಡ್ದೋಳು ಒಂದ್ ಸಲ ಬ್ಯಾಡ ಅಂದ್ಲು ಅಂತ ಸುಮ್ನಾಗ್ಬುಟ್ರಾ?"

ನಾಗಲಕ್ಷ್ಮಮ್ಮ ನಿಂಗರಾಜುವಿನತ್ತ ತಿರುಗಿದರು.

"ಓದ್ ವರ್ಷ ರಂಗಸ್ವಾಮಣ್ಣ ಮಲಗಿದ್ದಾಗ ಮಂಚ ಎಲ್ಲಿತ್ತು ನಿಂಗರಾಜು?"

ನಿಂಗರಾಜು ಕೊಟ್ಟಿಗೆಯ ಮಂಚದತ್ತ ನೋಡಿದ. ಅಪ್ಪನ ಮಂಚ ನಡುಮನೆಯಲ್ಲಿತ್ತು, ಟಿ.ವಿ. ಕಾಣುವಂತೆ. ಪೇಟೆಯಿಂದ ಡಾಕ್ಟರನ್ನು ಕಾರಿನಲ್ಲಿ ಕರೆಸಿದ್ದರು. ಎಳನೀರು, ಇಂಜೆಕ್ಷನ್ನು, ಮೈಗೆ ಬೆಚ್ಚಗಿನ ನೀರು, ಯಾವುದಕ್ಕೂ ಕೊರತೆಯಿರಲಿಲ್ಲ. ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದವಳು ಇದೇ ಮಾಯಮ್ಮ. ಅಪ್ಪ ಕೆಟ್ಟ ನಕ್ಷತ್ರದಲ್ಲೇ ಹೋದ. ಮನೆಯವರೆಲ್ಲ ಬಾಗಿಲು ಹಾಕಿ ಪಕ್ಕದ ಮನೆಯ ಚಿಕ್ಕಮಾದಯ್ಯನ ಜಗಲಿಯಲ್ಲಿ ಇದ್ದು ಬಂದರು. ಒಬ್ಬರೂ ಗೊಣಗಲಿಲ್ಲ.

"ನಡ್ಮನೇಲಿ" ಅಂದ.

"ಅವ್ರು ಮನೆ ಯಜಮಾನ್ರು ಕಣವ್ವ" ಎಂದಳು ಪುಟ್ಟತಾಯಮ್ಮ, ಮೊದಲಿನಷ್ಟು ಜೋರಿಲ್ಲದೆ.

"ಯಜಮಾನ್ರು ಯಾರು, ಅಲ್ದೋರು ಯಾರು ಅಂತ ನೋವಿಗೆ ಗೊತ್ತಾದದಾ?"

ನಿಂಗರಾಜು ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತ. "ಅತ್ತೆ, ನಿಜ ಯೋಳು. ನೋಯ್ತದಾ?"

"ಇಲ್ಲ ಕಣ್ಲಾ ಮಗ, ಓಗು."

"ನಾನ್ ಓಗಕ್ಕಿಲ್ಲ. ನೋಯ್ತದಾ?"

ಮಾಯಮ್ಮ ಮತ್ತೆ ಗೋಡೆಯತ್ತ ತಿರುಗಿದಳು. ಅವನು ಅವಳ ಕೈ ಹಿಡಿದು ಇನ್ನೊಮ್ಮೆ ಕೇಳಿದ. ಆಗ ಅವಳ ಕಣ್ಣು ತುಂಬಿ ಹರಿಯಿತು. "ಕುಡ್ಲು ಆಕಿ ಕೊಯ್ದಂಗಾಯ್ತದೆ ಕಣಪ್ಪ. ಕೂಗಿದ್ರೆ ಬಸ್ರಿ ಎಣ್ಣು ಎದ್ರ್ಕತದೆ ಅಂತ ಕೂಗ್ಲಿಲ್ಲ. ನೀರ್ ಕುಡುದ್ರೆ ಬಟ್ಟೆ ಒದ್ದೆಯಾಯ್ತದೆ, ಆ ಎಣ್ಣೇ ಬಗ್ಗಿ ಒಗೀಬೇಕಲ್ಲ ಅಂತ ಕುಡೀಲಿಲ್ಲ."

ಪುಟ್ಟತಾಯಮ್ಮನ ಕೈಯಿಂದ ಮಂಕರಿ ಬಿತ್ತು. "ಲೇ ಮಾಯಿ, ನನ್ ಕೈಗೇನ್ ರೋಗ ಬಂದದೆ? ನಾನ್ ಒಗೀತಿರ್ಲಿಲ್ವೇನೇ?" ಎಂದು ಬೈಯುತ್ತಲೇ ಗೊಳೋ ಎಂದು ಅತ್ತಳು. ಒಂದೇ ಒಲೆಯ ಮುಂದೆ ಬೇಯಿಸಿ ಬಡಿಸಿ ಮುದುಕಿಯರಾದ ಅತ್ತಿಗೆ ನಾದಿನಿಯರು. ಸೆರಗಿನಿಂದ ಮುಖ ಒರೆಸಿಕೊಂಡು, "ಲೇ ನಿಂಗ, ಮಂಚ ಆ ಕಡೆಯಿಂದ ಇಡ್ಕಳ್ಲಾ. ಒಳಕ್ಕೆ ತಕ್ಕಂಡೋಗನ" ಎಂದಳು.

ಅಂದೇ ನಿಂಗರಾಜು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಡಾಕ್ಟರ ಬಳಿ ನೋವಿನ ಮಾತ್ರೆ ಬರೆಸಿಕೊಂಡು ಬಂದ. ನೋವು ತಲೆಯೆತ್ತಿದ ಮೇಲಲ್ಲ, ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಕೊಡಬೇಕು, ಸಾಲದಿದ್ದರೆ ತಾವೇ ಹೆಚ್ಚು ಮಾಡದೆ ಮತ್ತೆ ಡಾಕ್ಟರನ್ನು ಕೇಳಬೇಕು ಎಂದು ನಾಗಲಕ್ಷ್ಮಮ್ಮ ತಿಳಿಸಿದರು. ನೀರನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸುವುದು, ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದನ್ನು ಮಾಡಿಯೇ ತೋರಿಸಿದರು. ಬಟ್ಟೆ ಒಗೆಯಲು ನಿಂಗರಾಜುವೇ ನಿಂತ. ಚಿಕ್ಕಮಾದಯ್ಯ ಬೇಲಿಯಾಚೆಯಿಂದ, "ಏನ್ಲಾ, ಮಡಿವಾಳ್ರ ಕೆಲ್ಸ ಇಡ್ಕಂಡ್ಯಾ?" ಎಂದು ಛೇಡಿಸಿದ. "ನನ್ ಚಡ್ಡಿ ಒಗ್ದೋಳು ಕಣಣ್ಣ. ಈಗ ನನ್ ಪಾಳಿ" ಅಂದ ನಿಂಗರಾಜು.

ನೋವು ತಗ್ಗಿದ್ದೇ ತಡ, ಅತ್ತೆಯ ಬಾಯಿ ವಾಪಸು ಬಂತು. ಕಾಫಿಗೆ ಬೆಲ್ಲ ಸಾಲದು, ಕರುವನ್ನು ಬಿಸಿಲಿಗೆ ಕಟ್ಟಿದ್ದಾನೆ ಮೂದೇವಿ ಎಂದು ನಡುಮನೆಯಿಂದಲೇ ಬೈಗುಳ. ನಿಂಗರಾಜುವಿಗೆ ಆ ಬೈಗುಳ ಕೇಳುವುದೇ ಹಬ್ಬ. ಪವಿತ್ರಳ ಮಗುವನ್ನೂ ಅವಳು ನೋಡಿದಳು, ಮೂಗು ಅಣ್ಣನದೇ ಎಂದಳು.

ಒಂದು ಸಂಜೆ ಪುಟ್ಟತಾಯಮ್ಮನ ತೊಡೆಯ ಮೇಲೆ ತಲೆಯಿಟ್ಟು, ನರಳದೆ ಕಣ್ಣು ಮುಚ್ಚಿದಳು. ಹೋಗುವುದು ತಪ್ಪಲಿಲ್ಲ, ತಪ್ಪುವಂಥದ್ದೂ ಅಲ್ಲ. ಆದರೆ ಅವಳು ತನ್ನ ಮನೆಯಲ್ಲಿ, ತನ್ನವರ ಕೈಯಲ್ಲಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಚಿಕ್ಕಮಾದಯ್ಯ ಮೆಲ್ಲಗೆ ಕೇಳಿದ, "ನಕ್ಷತ್ರ ಎಂಗದಂತೆ ನಿಂಗ?"

"ಕೇಳಕ್ಕೋಗ್ಲಿಲ್ಲ ಕಣಣ್ಣ. ಬಾಗ್ಲಾಕ್ಬೇಕು ಅಂದ್ರೆ ಆಕನ. ಅತ್ತೆಗಿಂತ ಬಾಗ್ಲು ಎಚ್ಚಾ?"

ಚಿಕ್ಕಮಾದಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. "ನನ್ ಜಗ್ಲಿ ಅಲ್ಲೇ ಅದೆ ಬುಡು" ಎಂದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಮನೆಯ ಮಾತು. ನಿಮ್ಮಲ್ಲೂ ವಾಸಿಯಾಗದ ಕಾಯಿಲೆಯವರು ಇರಬಹುದು. ಗಂಡಾಗಲಿ ಹೆಣ್ಣಾಗಲಿ, ಹೊಲ ಇದ್ದವರಾಗಲಿ ಆ ಹೊಲದಲ್ಲಿ ಕೂಲಿ ಮಾಡಿದವರಾಗಲಿ, ನರಳದೆ ಹೋಗುವ ಹಕ್ಕು ಎಲ್ಲರಿಗೂ ಒಂದೇ. "ಇನ್ನೇನೂ ಆಗಲ್ಲ" ಎಂದು ಕೈಬಿಡಬೇಡಿ. ನೋವಿಗೆ ಮದ್ದು ಕೇಳಲು ಆಸ್ಪತ್ರೆಗೆ ಹೋಗಿ, ನಿಮ್ಮೂರಿನ ನರ್ಸಮ್ಮನನ್ನು ಮನೆಗೆ ಕರೆಯಿರಿ. ಅದಕ್ಕೂ ಮೊದಲು, ಇದನ್ನು ಓದಿ ಕೆಳಗಿಟ್ಟ ಕೂಡಲೇ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ನೋಯುತ್ತಾ ಎಂದು ಕೇಳಿ. ಇಲ್ಲ ಎಂದರೆ ಏಳಬೇಡಿ. ಕೈ ಹಿಡಿದು ಇನ್ನೊಮ್ಮೆ ಕೇಳಿ.