ಒಂದು ವಿಷಲ್ ಊದಿದರೆ ನಿಲ್ಲಬೇಕು

ನಮ್ಮ ಬೀದಿಯಲ್ಲಿ ಒಬ್ಬ ಡ್ರೈವರಣ್ಣ ಇದ್ದಾನೆ. ಅವನ ಬಸ್ಸಿನ ಕೊನೆಯ ಸ್ಟಾಪು ಬೆಟ್ಟದ ರಾಷ್ಟ್ರೀಯ ಉದ್ಯಾನದ ಗೇಟು. ವರ್ಷಗಟ್ಟಲೆ ಊರಿನ ಜನರನ್ನೆಲ್ಲ ಅಲ್ಲಿ ಇಳಿಸಿ, ಸಂಜೆ ಹತ್ತಿಸಿಕೊಂಡು ಬಂದಿದ್ದಾನೆ. ತಾನು ಮಾತ್ರ ಆ ಗೇಟು ದಾಟಿ ಒಂದು ಹೆಜ್ಜೆ ಒಳಗಿಟ್ಟವನಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಹೋಗುವ ಮಾತಂತೂ ದೂರವೇ ಉಳಿಯಿತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಶಾಲೆಗೆ ರಜೆ ಬಂತು. ಮಗಳಿಗೆ ನಾವೆಲ್ಲ ಗುಬ್ಬಿ ಅನ್ನುತ್ತೇವೆ. ಅವಳು ಅಪ್ಪನ ಬೆನ್ನು ಹತ್ತಿದಳು.

"ಎಲ್ಲರೂ ಮೇಲಿನ ಕೊಳ ನೋಡ್ಕೊಂಡು ಬಂದ್ರು ಅಪ್ಪ. ನಿಮ್ಮಪ್ಪಾನೇ ಬಸ್ ಓಡಿಸೋದು, ನೀನ್ಯಾಕೆ ನೋಡಿಲ್ಲ ಅಂತ ಕೇಳ್ತಾರೆ."

ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು. "ರೀ, ಊರವರಿಗೆಲ್ಲ ಬೆಟ್ಟ ತೋರಿಸ್ತೀರ. ನಾವೇನು ಪಾಪ ಮಾಡಿದೀವಿ?"

ಡ್ರೈವರಣ್ಣನಿಗೆ ಚುರುಕ್ ಅಂತು. "ಸರಿ ಗುಬ್ಬಿ, ಈ ಭಾನುವಾರ ನಂಗೆ ರಜೆ. ಕೊಳ ತೋರಿಸೇ ತೋರಿಸ್ತೀನಿ. ಇದು ಅಪ್ಪ ಕೊಟ್ಟ ಮಾತು."

ಈ ಮಾತು ಪಕ್ಕದ ಮನೆಯ ಕಂಡಕ್ಟರಕ್ಕನ ಕಿವಿಗೆ ಬಿತ್ತು. ಅವಳು ಅದೇ ಬಸ್ಸಿನ ಕಂಡಕ್ಟರು. ಇಬ್ಬರೂ ದಿನಕ್ಕೆ ಹತ್ತು ಸಲ ಕಿತ್ತಾಡುತ್ತಾರೆ. ಆದರೆ ಅವಳ ವಿಷಲ್ಲಿಗೆ ಮಾತ್ರ ಅವನು ಎದುರಾಡಿದ್ದಿಲ್ಲ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ. ಪ್ರತಿ ವರ್ಷ ಬೆಟ್ಟ ಹತ್ತುವ ಅವಳು ಕಾಂಪೌಂಡಿನ ಆಚೆಯಿಂದಲೇ ವಿಚಾರಿಸಿದಳು.

"ಡ್ರೈವರ್ ಸಾಹೇಬ್ರೆ, ಕಾಲಿಗೆ ಏನು ಹಾಕ್ಕೋತೀರ?"

"ಚಪ್ಪಲಿ."

"ಚಪ್ಪಲಿ ತರಕಾರಿ ತರೋಕೆ ಸರಿ. ಹಿಡಿತ ಇರೋ ಬೂಟು ಹಾಕ್ಕೊಳ್ಳಿ. ಒಬ್ಬೊಬ್ಬರಿಗೂ ಸಾಕಾಗೋ ಅಷ್ಟು ನೀರು, ಊಟ, ಸ್ವೆಟರು, ರೇನ್‌ಕೋಟು ತಗೊಳ್ಳಿ. ತಿಂದ ಪ್ಲಾಸ್ಟಿಕ್ ಕವರ್ ಹಾಕೋಕೆ ಒಂದು ಚೀಲ."

"ಬೆಟ್ಟಕ್ಕೆ ಹೋಗ್ತಾ ಇದೀವೋ, ಮನೆ ಖಾಲಿ ಮಾಡ್ತಾ ಇದೀವೋ? ಈ ಬಿಸಿಲಿಗೆ ಸ್ವೆಟರ್ ಯಾರಿಗೆ ಬೇಕು?"

"ಇಲ್ಲಿ ಬಿಸಿಲಿದ್ರೆ ಮೇಲೂ ಇರುತ್ತೆ ಅಂದ್ಕೋಬೇಡಿ. ಮಧ್ಯಾಹ್ನದ ಮೇಲೆ ಅಲ್ಲಿ ಮೋಡ ಇಳಿಯುತ್ತೆ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಡಿ. ಎರಡು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗ್ಬೇಕು."

"ಕೊಳ ಕಣ್ಣೆದುರಿಗೇ ಇದ್ರೂನಾ?"

"ಇದ್ರೂ."

ಡ್ರೈವರಣ್ಣ ನಕ್ಕುಬಿಟ್ಟ. "ಇಷ್ಟು ವರ್ಷದಲ್ಲಿ ನಾನು ಒಂದು ದಿನವಾದ್ರೂ ಅರ್ಧ ದಾರೀಲಿ ಟ್ರಿಪ್ ಕಟ್ ಮಾಡಿದೀನಾ? ನೀವೇ ಹೇಳಿ."

"ಅದಕ್ಕೇ ನಂಗೆ ಭಯ. ನಾನೂ ಬರ್ತೀನಿ ತಡೀರಿ" ಎಂದಳು ಕಂಡಕ್ಟರಕ್ಕ.

ಭಾನುವಾರ ಬಂತು. ರಜೆಯ ದಿನವಲ್ಲವೇ, ಸಾಹೇಬರು ಏಳುವಾಗಲೇ ಮೊದಲ ಬಸ್ಸು ಹೋಗಿಯಾಗಿತ್ತು. ಗೇಟಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿದ್ದ ಗಾರ್ಡು ನಾಲ್ವರನ್ನೂ ಎಣಿಸಿಕೊಂಡು ಹೇಳಿದ: "ತಡ ಮಾಡಿದೀರ. ಕಾಲುದಾರಿ ಬಿಟ್ಟು ಇಳೀಬೇಡಿ. ಅಕಸ್ಮಾತ್ ದಾರಿ ತಪ್ಪಿದ್ರೆ ಅಲೆದಾಡಬೇಡಿ, ಇದ್ದಲ್ಲೇ ಇದ್ದು ವಿಷಲ್ ಊದಿ. ನಾವು ಬರ್ತೀವಿ."

ದಾರಿ ಚೆನ್ನಾಗಿತ್ತು. ಮರಗಳ ನೆರಳು, ಪಕ್ಕದಲ್ಲಿ ಸಣ್ಣ ತೊರೆ. ಗುಬ್ಬಿ ಕಂಡ ಕಂಡ ಹಕ್ಕಿಯನ್ನೆಲ್ಲ ಮಾತಾಡಿಸುತ್ತ ನಡೆದಳು. ಹೊಲಿಗೆ ಮಿಷನ್ ಬಿಟ್ಟು ಏಳದ ಹೆಂಡತಿಯೂ ನಗುತ್ತ ಬಂದಳು. ಮರಗಳು ಮುಗಿದ ಮೇಲೆ ಕಲ್ಲಿನ ಇಳಿಜಾರು ಶುರುವಾಯಿತು. ದಾರಿ ಈ ಕಡೆಗೊಂದು ಆ ಕಡೆಗೊಂದು ತಿರುವು ತೆಗೆದುಕೊಂಡು ಮೇಲೇರುತ್ತಿತ್ತು. ಡ್ರೈವರಣ್ಣ ಗಡಿಯಾರ ನೋಡಿದ. ಕೊಟ್ಟ ಮಾತು ಕೈ ತಪ್ಪುವ ಹಾಗೆ ಕಂಡಿತು.

"ನೀವಿಬ್ಬರೂ ಸುತ್ತಿ ಬನ್ನಿ" ಎಂದವನೇ ಗುಬ್ಬಿಯ ಕೈ ಹಿಡಿದು ದಾರಿ ಬಿಟ್ಟು ನೇರ ಮೇಲಕ್ಕೆ ಹತ್ತತೊಡಗಿದ. ಘಾಟಿಯಲ್ಲಿ ಒಂದು ತಿರುವನ್ನೂ ಅವಸರದಲ್ಲಿ ತೆಗೆಯದ ಮನುಷ್ಯ, ಕಾಲಿಗೆ ಸಿಕ್ಕ ತಿರುವನ್ನೇ ಬೇಡ ಅಂದುಬಿಟ್ಟ.

ಕೆಳಗಿನಿಂದ ವಿಷಲ್ ಕೇಳಿಸಿತು. ಉದ್ದಕ್ಕೆ, ಒಂದೇ ಒಂದು.

ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ನಿಂತಿತು. ಮೈಗೆ ಅಂಟಿದ ಅಭ್ಯಾಸ, ಕೇಳುವ ಪ್ರಶ್ನೆಯೇ ಇಲ್ಲ. ಆದರೆ ಅಷ್ಟರಲ್ಲಾಗಲೇ ಅವನು ಮೆಟ್ಟಿ ಬಂದಿದ್ದ ಕಲ್ಲೊಂದು ಸಡಿಲಾಗಿತ್ತು. ಅದು ಜಾರಿತು, ಉರುಳಿತು, ಪುಟಿದು ಕೆಳಗಿನ ತಿರುವಿನಲ್ಲಿ ಬರುತ್ತಿದ್ದ ಅವನ ಹೆಂಡತಿಯ ಪಕ್ಕದಲ್ಲೇ ಹಾದುಹೋಯಿತು. ಅವಳು ಇದ್ದಲ್ಲೇ ಕುಸಿದು ಕೂತಳು.

ಮಗಳನ್ನು ಬಿಗಿಯಾಗಿ ಹಿಡಿದುಕೊಂಡು, ಅಡ್ಡಡ್ಡವಾಗಿ ಒಂದೊಂದೇ ಹೆಜ್ಜೆ ಇಟ್ಟು ಅವನು ದಾರಿಗೆ ಬಂದು ಸೇರಿದ. ಹೆಂಡತಿಯ ಕೈ ಮುಟ್ಟಿದ. ತಣ್ಣಗಿತ್ತು. ಅವನಿಗೆ ಅಳು ಬಂತು.

"ನಾನು ಇನ್ನೊಂದು ಹೆಜ್ಜೆ ಮುಂದೆ ಇಟ್ಟಿದ್ರೆ ಗತಿ ಏನು ರೀ?" ಎಂದಳು ಅವಳು.

ಕಂಡಕ್ಟರಕ್ಕ ನೀರು ಕುಡಿಸಿದಳು. "ದಾರಿ ಸುತ್ತು ಹಾಕೋದು ಜನ ಕೆಳಗೆ ಬೀಳದೆ ಇರಲಿ ಅಂತ. ಅಡ್ಡ ಹತ್ತಿದ್ರೆ ಕಲ್ಲು ಕೆಳಗಿದ್ದೋರ ಮೇಲೆ ಬರುತ್ತೆ. ಜನ ಮೆಟ್ಟಿ ಮೆಟ್ಟಿ ಮಣ್ಣು ಸಡಿಲ ಆದ್ರೆ ಮಳೇಲಿ ಆ ದಾರೀನೂ ಕೊಚ್ಚಿ ಹೋಗುತ್ತೆ."

ಎರಡು ಗಂಟೆಯಾಯಿತು. ಶಿಖರದ ಹಿಂದಿನಿಂದ ಮೋಡ ಇಣುಕಿತು. ಮೇಲಿನಿಂದ ಇಳಿದು ಬಂದವರೊಬ್ಬರು, ಕೊಳ ಇನ್ನು ನಾಲ್ಕೇ ತಿರುವು ಎಂದರು. ಗುಬ್ಬಿ ಅಪ್ಪನ ಮುಖ ನೋಡಿದಳು. ಕಂಡಕ್ಟರಕ್ಕ ಈ ಸಲ ವಿಷಲ್ ಊದಲಿಲ್ಲ.

ಡ್ರೈವರಣ್ಣ ಮಗಳ ಮುಂದೆ ಮಂಡಿಯೂರಿದ. "ಗುಬ್ಬಿ, ಟ್ರಿಪ್ ಕಟ್. ಕೊಳ ಎಲ್ಲೂ ಓಡಿ ಹೋಗಲ್ಲ. ಕೊಟ್ಟ ಮಾತು ಹಾಗೇ ಇದೆ, ದಿನ ಮಾತ್ರ ಬೇರೆ."

ಗುಬ್ಬಿ ಅರ್ಧ ದಾರಿ ಅತ್ತಳು. ಉಳಿದರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಬೇಡವೆಂದಿದ್ದ ರೇನ್‌ಕೋಟನ್ನು ಕಂಡಕ್ಟರಕ್ಕನ ಚೀಲದಿಂದ ಇಸಿದುಕೊಂಡು ಹಾಕಿಕೊಂಡವನು ಮತ್ಯಾರೂ ಅಲ್ಲ, ನಮ್ಮ ಸಾಹೇಬರೇ. ಹಿಂತಿರುಗಿ ನೋಡಿದರೆ ಬೆಟ್ಟದ ಮೇಲರ್ಧ ಕಾಣುತ್ತಲೇ ಇರಲಿಲ್ಲ. ಗೇಟಿನಲ್ಲಿ ಗಾರ್ಡು ಮತ್ತೆ ನಾಲ್ವರನ್ನೂ ಎಣಿಸಿ, ಸಮಾಧಾನದಿಂದ ತಲೆಯಾಡಿಸಿದ.

ಕೆಲವು ವಾರ ಕಳೆದ ಮೇಲೆ ಅವರು ಮತ್ತೆ ಹೊರಟರು. ಈ ಸಲ ಬೀದಿಯನ್ನೆಲ್ಲ ಎಬ್ಬಿಸಿದವನು ಡ್ರೈವರಣ್ಣನೇ. ಗುಬ್ಬಿಯ ಕೊರಳಲ್ಲಿ ವಿಷಲ್ ಇತ್ತು. ಗೇಟಿನಲ್ಲಿ ಎರಡು ಊದಿದಳು, ಎಲ್ಲರೂ ಹೊರಟರು. ಒಂದು ತಿರುವನ್ನೂ ಬಿಡದೆ ನಡೆದು, ಮಧ್ಯಾಹ್ನವಾಗುವ ಮೊದಲೇ ಕೊಳದ ದಡದಲ್ಲಿ ನಿಂತರು. ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿತ್ತು. ಗುಬ್ಬಿ ಬಗ್ಗಿ ಅದನ್ನೇ ನೋಡಿದಳು.

ಆಮೇಲೆ ಕೇಳಿದಳು. "ಅಪ್ಪ, ಇದೇ ಕೊನೇ ಸ್ಟಾಪಾ?"

"ಅಲ್ಲ ಮರಿ" ಎಂದ ಅವನು. "ಕೊನೇ ಸ್ಟಾಪು ನಮ್ಮ ಮನೆ."

ನೀವೂ ಬೆಟ್ಟಕ್ಕೆ ಬನ್ನಿ, ಮಕ್ಕಳನ್ನು ಕರೆತನ್ನಿ. ಬೇಗ ಹೊರಡಿ, ಗೇಟಿನಲ್ಲಿ ಹವಾಮಾನ ಕೇಳಿ, ನೀರು, ಬೆಚ್ಚನೆ ಬಟ್ಟೆ, ವಿಷಲ್ ಇಟ್ಟುಕೊಳ್ಳಿ. ದಾರಿ ಬಿಡಬೇಡಿ, ಕಸ ಬಿಟ್ಟು ಬರಬೇಡಿ. ಹೊತ್ತಾದರೆ, ಮೋಡ ಕಂಡರೆ, ನಾಚಿಕೊಳ್ಳದೆ ತಿರುಗಿ. ಈಗ ನಮ್ಮ ಡ್ರೈವರಣ್ಣ ಗೇಟಿನಲ್ಲಿ ಇಳಿಯುವ ಪ್ರತಿಯೊಬ್ಬರಿಗೂ ಇದನ್ನೇ ಹೇಳುತ್ತಾನೆ. ಸಂಜೆ ಹೊರಡುವ ಮೊದಲು ಕನ್ನಡಿಯಲ್ಲಿ ಒಂದು ಸಲ ಹಿಂದಿನ ಸೀಟುಗಳನ್ನೆಲ್ಲ ನೋಡುತ್ತಾನೆ. ಬೆಳಿಗ್ಗೆ ನೀವು ಕೂತು ಬಂದ ಸೀಟಿನಲ್ಲಿ ಆಗ ನೀವೇ ಇರಬೇಕು.