ತೋಟಪ್ಪ ಹೇಳಿದ ಸಿನಿಮಾ

ನಾನು ಒಂದು ವಿಡಿಯೋ ಕ್ಯಾಸೆಟ್. ಹುಟ್ಟಿದಾಗ ನನ್ನೊಳಗೆ ಏನೂ ಇರಲಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಡಬ್ಬಿ, ಎರಡು ಬಿಳಿ ಚಕ್ರ, ಅವಕ್ಕೆ ಸುತ್ತಿದ ಕಂದು ಪಟ್ಟಿ, ಅಷ್ಟೇ ನಾನು. ದುಬೈಯಿಂದ ರಜೆಗೆ ಬಂದ ಭಟ್ಕಳದವನೊಬ್ಬನ ಸೂಟ್‌ಕೇಸಿನಲ್ಲಿ, ಸೆಂಟಿನ ಬಾಟಲಿಗಳ ನಡುವೆ ಹೊರಳಾಡುತ್ತ ಹುಬ್ಬಳ್ಳಿಗೆ ಬಂದೆ. ಅಲ್ಲಿ ಖಾಜಾಸಾಬ ಎಂಬವನ ವಿಡಿಯೋ ಲೈಬ್ರರಿಯಿತ್ತು. ಅವನು ಎರಡು ಯಂತ್ರಗಳನ್ನು ಎದುರುಬದುರು ಇಟ್ಟು, ಇನ್ನೊಂದು ಕ್ಯಾಸೆಟ್ಟಿನಲ್ಲಿದ್ದ ಇಂಗ್ಲಿಷ್ ಸಿನಿಮಾವನ್ನು ನನ್ನೊಳಗೆ ಇಳಿಸಿದ. ವರ್ಷದ ಮೇಲೆ ಅದರ ಎರಡನೆಯ ಭಾಗ ಬಂತು. ಅದನ್ನೂ ನನ್ನಲ್ಲೇ ತುಂಬಿದ. ಎರಡೂ ಸೇರಿ ನನ್ನನ್ನು ಅಂಚಿನವರೆಗೆ ತುಂಬಿಬಿಟ್ಟವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಸಿನಿಮಾವನ್ನು ನಾನು ಎಂದೂ ನೋಡಿಲ್ಲ. ನನ್ನೊಳಗಿರುವುದನ್ನು ನಾನು ಹೇಗೆ ನೋಡಲಿ? ಯಂತ್ರದ ಬಾಯಿಗೆ ಹೋದ ಮೇಲೆ ನನಗೆ ಕತ್ತಲೆ, ತಿರುಗಾಟ ಮತ್ತು ಹೊರಗಿನವರ ದನಿ. ಇಂಗ್ಲಿಷೂ ನನಗೆ ಬಾರದು. ನನಗೆ ತಿಳಿದ ಸಿನಿಮಾ, ತೋಟಪ್ಪ ಹೇಳಿದ ಸಿನಿಮಾ.

ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿಗೆ ತಿಂಗಳಿಗೊಂದು ಭಾನುವಾರ ನನ್ನನ್ನು ಬಾಡಿಗೆಗೆ ಒಯ್ಯುತ್ತಿದ್ದರು. ಟಿವಿ, ಯಂತ್ರ, ನಾನು ಮತ್ತು ಇನ್ನೆರಡು ಕ್ಯಾಸೆಟ್ಟು, ಎಲ್ಲ ಒಂದೇ ಟಾಂಗಾದಲ್ಲಿ. ಮೆಸ್ಸಿನ ಕಿಟಕಿಗಳಿಗೆ ಚಾದರ ಕಟ್ಟುತ್ತಿದ್ದರು. ಬೆಳಿಗ್ಗೆ ಕನ್ನಡ ಚಿತ್ರ, ಆಮೇಲೆ ಹಿಂದಿ ಚಿತ್ರ. ವಾರ್ಡನ್ನರು ಊಟ ಮಾಡಿ ಮಲಗಿದರೆಂದು ಖಾತ್ರಿಯಾದ ಮೇಲೆ ನನ್ನ ಪಾಳಿ.

ಮೊದಲ ಸಲ ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಅರ್ಧಕ್ಕರ್ಧ ಹುಡುಗರು ಕನ್ನಡ ಶಾಲೆಯಲ್ಲಿ ಓದಿ ಬಂದವರು. ಪರದೆಯ ಮೇಲಿನವರೋ ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು.

"ಏನಂತಾರಲೇ ಅವ್ರು? ಯಾರಿಗರ ತಿಳೀತೈತೇನು?" ಎಂದು ಕೂಗಿದವನು ಫಕೀರೇಶ. ಫೈನಲ್ ಇಯರಿನವನು, ಹಾಸ್ಟೆಲಿನ ಒಡೆಯನಂತಿದ್ದವನು.

ಹಿಂದಿನ ಸಾಲಿನಿಂದ ಒಂದು ದೊಡ್ಡ ದನಿ ಬಂತು: "ಆ ದಾಂಡಿಗ ಅಂತಾನ, ‘ಏ ಸುಣ್ಣದಕಡ್ಡಿ, ಈ ರೂಮು ನಮ್ಮಪ್ಪಂದು, ಗಂಟು ಕಟ್ಟು’ ಅಂತ."

ಮೆಸ್ಸು ಬಿದ್ದು ಬಿದ್ದು ನಕ್ಕಿತು. ಆ ದನಿ ತೋಟಪ್ಪನದು. ಶಿಗ್ಗಾವಿ ಕಡೆಯ ಬಸ್ ಕಂಡಕ್ಟರನ ಮಗ, ಸೆಕೆಂಡ್ ಇಯರು. ಮೈ ಅಂದರೆ ಎಲುಬು, ದನಿ ಮಾತ್ರ ಬಸ್‌ಸ್ಟ್ಯಾಂಡಿನದು. ಅಲ್ಲಿಯತನಕ ಅವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಅಂದಿನಿಂದ ಅವನು ಎಲ್ಲರಿಗೂ ‘ತ್ವಾಟ್ಯಾ’ ಆದ. ಆ ಹೆಸರಿಗಾಗಿ ಅವನು ಏನು ಬೇಕಾದರೂ ಮಾಡುತ್ತಿದ್ದ ಎಂದು ನನಗೆ ಆಮೇಲೆ ತಿಳಿಯಿತು.

ಅವನು ಹೇಳಿದ ಕತೆ ಇಷ್ಟು. ಒಂದು ದೊಡ್ಡ ಕಾಲೇಜು. ಅಲ್ಲಿ ದೋಣಿ ಸ್ಪರ್ಧೆಯ ದಾಂಡಿಗರದೇ ರಾಜ್ಯ. ರೇಡಿಯೊ ಬಿಚ್ಚಿ ಜೋಡಿಸುವ ನಾಲ್ಕು ಕನ್ನಡಕದ ಹುಡುಗರನ್ನು ಅವರು ಹಾಸ್ಟೆಲಿನಿಂದ ಓಡಿಸುತ್ತಾರೆ. ಹುಡುಗರು ಅಡಿಗೆಮನೆಯ ಹಿಂದಿನ ಬಾಯ್ಲರ್ ಕೋಣೆ ಸೇರುತ್ತಾರೆ. ಅಲ್ಲಿಂದ ಅವರ ಸೇಡು: ಹುಡುಗಿಯರ ಬಚ್ಚಲಿಗೆ ಇಣುಕುವ ಕೊಳವೆ, ಉಟ್ಟ ಬಟ್ಟೆ ಕಳಚುವ ಆಟಗಳು, ಇನ್ನೂ ಏನೇನೋ. ಕೊನೆಗೆ ಗೆಲ್ಲುತ್ತಾರೆ. "ನಮ್ಮಂಗ ಅದಾರಲೇ ಇವ್ರು!" ಎಂದು ಹಾಸ್ಟೆಲಿನ ಹುಡುಗರು ಬೆಂಚು ಗುದ್ದುತ್ತಿದ್ದರು.

ಅದರಲ್ಲಿ ಒಂದು ದೃಶ್ಯ. ರೇಡಿಯೊ ಹುಡುಗರು ದಾಂಡಿಗರ ನಾಯಕನ ಗೆಳತಿಯ ಕೋಣೆಯಲ್ಲಿ ಮೈಕು ಬಚ್ಚಿಟ್ಟು, ಅವಳು ಗೆಳತಿಯೊಂದಿಗೆ ಆಡಿದ ಗುಟ್ಟಿನ ಮಾತನ್ನೆಲ್ಲ ಕಾಲೇಜಿನ ಧ್ವನಿವರ್ಧಕದಲ್ಲಿ ಬಿಡುತ್ತಾರೆ. ಸಾವಿರ ಜನ ಕೇಳಿ ನಗುತ್ತಾರೆ. ಹುಡುಗಿ ಮೈದಾನದ ನಡುವೆ ನಿಂತು ಏನೋ ಹೇಳುತ್ತಾಳೆ.

"ಏನಂತಾಳಲೇ ಆಕಿ?"

ತೋಟಪ್ಪನಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಮೆಸ್ಸು ಕಾಯುತ್ತಿತ್ತು. ಅವನು ಹೆಣ್ಣುದನಿ ತೆಗೆದು ಅಂದ: "ನನ್ನ ಗುಟ್ಟ ಊರಿಗೆಲ್ಲ ಕೇಳಿಸಿದಾಂವ, ಅವನಽ ನನ್ನ ಗಂಡ!"

ತಾಟುಗಳು ಬಡಿದವು, ಸಿಳ್ಳೆಗಳು ಹಾರಿದವು. ಅದೊಂದು ದೃಶ್ಯಕ್ಕಾಗಿ ನನ್ನನ್ನು ನಾಲ್ಕು ಸಲ ಹಿಂದಕ್ಕೆ ಸುತ್ತಿದರು. ಆ ವಾಕ್ಯ ಹಾಸ್ಟೆಲಿನ ಗಾದೆಯಾಯಿತು.

ಎರಡನೆಯ ಭಾಗದಲ್ಲಿ ರೇಡಿಯೊ ಹುಡುಗರು ಸಮುದ್ರ ತೀರದ ಹೋಟೆಲಿಗೆ ಹೋಗುತ್ತಾರೆ. ಆ ಹುಡುಗಿ ಕಾಣುವುದಿಲ್ಲ. "ಆಕಿ ಎಲ್ಲಿ ಹ್ವಾದಳಲೇ?" ಎಂದರೆ ತೋಟಪ್ಪ ತಡವರಿಸದೆ, "ಬಾಣಂತನಕ್ಕ ತವರಿಗೆ ಹೋಗ್ಯಾಳ" ಎಂದ. ಮತ್ತೆ ನಗು.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಒಬ್ಬನೇ ಖಾಜಾಸಾಬನ ಅಂಗಡಿಗೆ ಬಂದ. ಕೈಯಲ್ಲಿ ನಿಘಂಟು ಮತ್ತು ನೋಟ್‌ಬುಕ್ಕು. ಅಂಗಡಿಯ ಯಂತ್ರದಲ್ಲಿ ನನ್ನನ್ನು ಹಾಕಿಸಿ ಆ ದೃಶ್ಯವನ್ನು ಮತ್ತೆ ಮತ್ತೆ ಕೇಳಿದ.

"ಏನ್ ಬರ್ಕೊಳ್ಳಾಕತ್ತಿಯೋ ತಮ್ಮಾ? ಪರೀಕ್ಷಾ ಐತೇನು ಇದರಾಗ?" ಎಂದ ಖಾಜಾಸಾಬ.

ನಿಘಂಟಿನ ಹಾಳೆಗಳು ಸರಸರ ತಿರುಗಿದವು. ಪೆನ್ನಿನ ಸದ್ದು ನಿಂತಿತು. ಹುಡುಗಿ ನಿಜಕ್ಕೂ ಏನಂದಳೆಂದು ಅವನಿಗೆ ಅಂದು ಗೊತ್ತಾಗಿರಬೇಕು. ಮುಂದಿನ ತಿಂಗಳ ಭಾನುವಾರ ದೃಶ್ಯ ಬಂತು, ಮೆಸ್ಸು ಕಾಯಿತು. ಅವನು ಮತ್ತೆ ಅದನ್ನೇ ಹೇಳಿದ: "ಅವನಽ ನನ್ನ ಗಂಡ!" ಮೊದಲ ಸಲದ್ದನ್ನು ತಪ್ಪು ಎನ್ನಬಹುದು. ಈ ಸಲದ್ದಕ್ಕೆ ನನ್ನ ಹತ್ತಿರ ಪದವಿಲ್ಲ.

ಆ ಕಡೆಯ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಗ್ಯಾದರಿಂಗ್ ಎಂಬ ಹಬ್ಬ ನಡೆಯುತ್ತಿತ್ತು. ಅದರಲ್ಲಿ ಫಿಶ್‌ಪಾಂಡ್ ಎಂಬ ಆಟ. ಯಾರ ಮೇಲಾದರೂ ಒಂದು ಚುಚ್ಚುಮಾತು ಬರೆದು, ತಮ್ಮ ಹೆಸರಿಲ್ಲದೆ, ಡಬ್ಬಿಗೆ ಹಾಕುವುದು. ಗ್ಯಾದರಿಂಗ್ ದಿನ ಒಬ್ಬ ವೇದಿಕೆಯ ಮೇಲೆ ನಿಂತು ಆ ಚೀಟಿಗಳನ್ನು ಮೈಕಿನಲ್ಲಿ ಓದುವುದು. ಆ ವರ್ಷ ಓದುವವನು ತೋಟಪ್ಪನಲ್ಲದೆ ಇನ್ನಾರು?

ಆ ದಿನವೂ ನನ್ನನ್ನು ತರಿಸಿದ್ದರು. ಅವನ ಮಂಚದ ಮೇಲೆ ಬಿದ್ದಿದ್ದೆ. ಅವನು ಪಕ್ಕದಲ್ಲಿ ಕೂತು ಚೀಟಿ ಆರಿಸುತ್ತಿದ್ದ. ಒಂದು ಚೀಟಿ ಅವನ ಕೈಯಲ್ಲಿ ಹೆಚ್ಚು ಹೊತ್ತು ಉಳಿಯಿತು. ಅದು ಇಂದುಮತಿ ಎಂಬ ಹುಡುಗಿಯ ಮೇಲೆ ಬರೆದದ್ದು. ಇಂದುಮತಿ ಅವನ ತರಗತಿಯವಳು, ಲ್ಯಾಬಿನಲ್ಲಿ ಅವನ ಜೊತೆಗಾತಿ. ಪ್ರಶ್ನೆ ಕೇಳಲು ಮೊದಲು ಏಳುವವಳು, ಬೆಳಗಾವಿಯ ಸ್ಪರ್ಧೆಯಲ್ಲಿ ಪ್ರಬಂಧ ಓದಲು ಆಯ್ಕೆಯಾದವಳು. ಹುಡುಗರ, ಹುಡುಗಿಯರ ಎರಡೂ ಹಾಸ್ಟೆಲುಗಳ ಅಂಚೆ ಒಂದೇ ಕಡೆ ಬರುತ್ತಿತ್ತು. ಅವಳಿಗೆ ಅವ್ವ ಬರೆದ ಇನ್‌ಲ್ಯಾಂಡ್ ಪತ್ರವನ್ನು ಫಕೀರೇಶ ಸ್ಟೀಲ್ ಪಟ್ಟಿಯಿಂದ ಬಿಡಿಸಿ ಓದಿದ್ದ. ಅದರಲ್ಲಿದ್ದ ಸುದ್ದಿಯೇ ಈ ಚೀಟಿಯಲ್ಲಿತ್ತು.

"ಇದನ್ನ ಓದೂದು ಬ್ಯಾಡ ಅನ್ನಸ್ತೈತಿ" ಎಂದ ತೋಟಪ್ಪ.

"ಯಾಕಲೇ? ನಿನ್ನ ಡೈಲಾಗೇ ಐತಲ್ಲೋ ಅದರಾಗ!" ಎಂದ ಫಕೀರೇಶ.

ಹೌದು, ಅವನ ಡೈಲಾಗೇ ಇತ್ತು. ಆ ಚೀಟಿ ತೋಟಪ್ಪನ ಮೇಲಿನ ಜೇಬಿಗೆ ಹೋಯಿತು.

ಸಂಜೆ ಹಾಸ್ಟೆಲಿನ ತನಕ ಧ್ವನಿವರ್ಧಕ ಕೇಳಿಸುತ್ತಿತ್ತು. ನಾನು ಮಂಚದ ಮೇಲಿಂದಲೇ ಕೇಳಿದೆ: "ಇಂದುಮತಿಗೆ! ‘ಹುಡುಗಿ ಭಾಳ ಮಾತಾಡ್ತಾಳ’ ಅಂತ ಹಾವೇರಿ ವರ ಒಲ್ಲೆ ಅಂದಾನಂತ. ಚಿಂತಿ ಬ್ಯಾಡ. ‘ನನ್ನ ಗುಟ್ಟ ಊರಿಗೆಲ್ಲ ಕೇಳಿಸಿದಾಂವ, ಅವನಽ ನನ್ನ ಗಂಡ’ ಅನ್ನು!"

ನಗು ಧ್ವನಿವರ್ಧಕವಿಲ್ಲದೆಯೇ ಇಲ್ಲಿಯವರೆಗೆ ಬಂತು.

ಇಂದುಮತಿ ಕಾಲೇಜು ಬಿಡಲಿಲ್ಲ. ಮಾತು ಬಿಟ್ಟಳು. ಬೆಳಗಾವಿಗೆ ಹೋಗಲಾರೆ ಎಂದು ಬರೆದುಕೊಟ್ಟಳು. "ನಿನ್ನ ದನಿ ಚೊಲೋ ಐತಿ, ನೀನ ಓದ್ಬಿಡು" ಎಂದು ಮೇಷ್ಟ್ರು ಅವಳ ಪ್ರಬಂಧವನ್ನು ತೋಟಪ್ಪನ ಕೈಗೆ ಕೊಟ್ಟರು. ಅವನು ಹೋಗಿ ಓದಿ, ಪದಕ ತಂದ. ಆ ಪದಕವನ್ನು ಲ್ಯಾಬಿನಲ್ಲಿ ಅವಳ ಮೇಜಿನ ಮೇಲೆ ಇಟ್ಟನಂತೆ. ಸಂಜೆ ನೋಡಿದರೆ ಅದು ಅಲ್ಲೇ ಇತ್ತಂತೆ.

ಕೋರ್ಸು ಮುಗಿದಾಗ ಹುಡುಗರು ಖಾಜಾಸಾಬನಿಂದ ನನ್ನನ್ನು ಕೊಂಡು ತೋಟಪ್ಪನಿಗೆ ಕಾಣಿಕೆ ಕೊಟ್ಟರು. ಅವನು ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾದ. ನಾನು ಅವನ ಟ್ರಂಕಿನಲ್ಲಿ ಹಳೆಯ ಮಾರ್ಕ್ಸ್‌ಕಾರ್ಡುಗಳ ಕೆಳಗೆ ಮೂವತ್ತೈದು ವರ್ಷ ಮಲಗಿದ್ದೆ. ಮಲಗಿದ್ದೆ ಎಂದೆನೆ? ಇಲ್ಲ. ಸುತ್ತಿಟ್ಟ ಪಟ್ಟಿಗೆ ನಿದ್ದೆ ಎಲ್ಲಿಂದ ಬರಬೇಕು? ಆಗಾಗ ಟ್ರಂಕು ತೆರೆಯುತ್ತಿತ್ತು, ಅವನ ಬೆರಳು ನನಗೆ ತಾಗುತ್ತಿತ್ತು, ಹಿಂದೆ ಸರಿಯುತ್ತಿತ್ತು.

ಆಮೇಲೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸೇರುವ ಮಾತು ಬಂತು. ಫಕೀರೇಶನ ದನಿ ಫೋನಿನಿಂದ ಟ್ರಂಕಿನವರೆಗೂ ಕೇಳಿತು: "ತ್ವಾಟ್ಯಾ, ಕ್ಯಾಸೆಟ್ ತಗೊಂಡ ಬಾ ಮಗನ. ನೀ ನಿಂತು ಕಾಮೆಂಟ್ರಿ ಹೇಳ್ಬೇಕು, ಹಳೇದು, ಒಂದಕ್ಷರ ಬದಲಾಗಬಾರ್ದು. ಈ ಸಲ ಇಂದುಮತೀನೂ ಬರ್ತಾಳಂತ. ಮೂವತ್ತೈದು ವರ್ಷಕ್ಕ ಮೊದಲನೇ ಸಲ!"

ತೋಟಪ್ಪ ಟ್ರಂಕು ತೆರೆದು ನನ್ನನ್ನು ಹೊರಗೆ ತೆಗೆದ.

ಗದಗಿನಲ್ಲಿ ಮೌನೇಶ ಎಂಬ ರಿಪೇರಿಯವನಿದ್ದ. ಅವನ ಅಂಗಡಿಯಲ್ಲಿ ಜೀವ ಇದ್ದ ಒಂದು ವಿಸಿಆರ್ ಉಳಿದಿತ್ತು. ತೋಟಪ್ಪ ನನ್ನನ್ನು ಅಲ್ಲಿಗೆ ಒಯ್ದ. ಮೌನೇಶ ನನ್ನ ಬೂಸ್ಟು ಒರೆಸಿ, ಯಂತ್ರದೊಳಗೆ ತಳ್ಳಿದ. ಇಬ್ಬರೂ ಕೂತು ಎರಡೂ ಭಾಗ ನೋಡಿದರು. ಎಷ್ಟೋ ವರ್ಷಗಳ ಮೇಲೆ ನನ್ನ ಚಕ್ರಗಳು ತಿರುಗಿದವು. ಕೊಳವೆಯ ದೃಶ್ಯ ಹೋಯಿತು, ನಗು ಬರಲಿಲ್ಲ. ಬಟ್ಟೆಯ ದೃಶ್ಯ ಹೋಯಿತು, ಕುರ್ಚಿ ಕಿರುಗುಟ್ಟಿತು. ಹುಡುಗಿ ಮೈದಾನದಲ್ಲಿ ನಿಂತಳು. ಅವಳ ದನಿ ಅಷ್ಟು ಹೊತ್ತು ಇರುತ್ತದೆಂದು ನನಗೇ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅದರ ಮೇಲೆ ಯಾವಾಗಲೂ ತಾಟಿನ ಸದ್ದು ಇರುತ್ತಿತ್ತು.

"ಸರ್, ಇದು ನಗೂ ಪಿಚ್ಚರ್ ಅಂದ್ರೆಲ್ಲ?" ಎಂದ ಮೌನೇಶ.

"ನಗೂದಾ" ಎಂದ ತೋಟಪ್ಪ. ಸ್ವಲ್ಪ ತಡೆದು, "ಆಕಿ ಏನಂತಾಳ ಗೊತ್ತೇನು? ‘ಇನ್ನ ನಾ ಎಲ್ಲಿ ಬಾಯಿ ತೆಗದ್ರೂ ಈ ನಗೀನಽ ಕೇಳಸ್ತೈತಿ’ ಅಂತಾಳ. ಎರಡನೇದರಾಗ ಒಂದ ಸಾಲು ಬರ್ತೈತಿ, ಆಕಿ ಕಾಲೇಜ್ ಬಿಟ್ಟು ಹೋದಳು ಅಂತ. ನಾನು ಬಾಣಂತನ ಅಂದಿದ್ನಿ."

ಮೌನೇಶನಿಗೆ ಅದೆಲ್ಲ ಏನು ಗೊತ್ತು? ಇಷ್ಟು ವರ್ಷ ಆ ಮಾತನ್ನು ಹೊತ್ತು ತಿರುಗಿದವನು ನಾನು. ಅದು ನನ್ನೊಳಗೇ ಇತ್ತು. ನಾನು ಸಿಳ್ಳೆಯನ್ನಷ್ಟೇ ಕೇಳಿಸಿಕೊಂಡಿದ್ದೆ.

ಧಾರವಾಡದ ಹತ್ತಿರದ ಒಂದು ರೆಸಾರ್ಟಿನಲ್ಲಿ, ಊಟದ ಮುಂಚೆ, ಮೌನೇಶನ ಯಂತ್ರವನ್ನೇ ತರಿಸಿ ನನ್ನನ್ನು ಹಚ್ಚಿದರು. ಹೊಟ್ಟೆ ಬಂದ, ಕೂದಲು ಹೋದ ಮೂವತ್ತು ಗಂಡಸರು, ಅವರ ಹೆಂಡಂದಿರು. ಪ್ರತಿ ದೃಶ್ಯಕ್ಕೂ "ತ್ವಾಟ್ಯಾ! ತ್ವಾಟ್ಯಾ!" ಎಂಬ ಕೂಗು. ಅವನು ಮೈಕು ಹಿಡಿದು ನಿಂತಿದ್ದ. ಅರ್ಧ ತಾಸು ಹಳೆಯದನ್ನೇ ಹೇಳಿದ. ದಾಂಡಿಗ, ಸುಣ್ಣದಕಡ್ಡಿ, ಎಲ್ಲ. ಜನ ನಕ್ಕರು. ಅವನ ದನಿಯಲ್ಲೂ ಸುಖವಿತ್ತು, ಅದನ್ನು ಮುಚ್ಚಿಡಲಾರೆ. ಇದೂ ಹೀಗೇ ಕಳೆದುಹೋಗುತ್ತದೆ ಎಂದುಕೊಂಡೆ.

ದೃಶ್ಯ ಬಂತು.

"ಏನಂತಾಳಲೇ ಆಕಿ?" ಎಲ್ಲರೂ ಒಟ್ಟಿಗೆ ಕೂಗಿದರು.

ತೋಟಪ್ಪ ಹೆಣ್ಣುದನಿ ತೆಗೆಯಲಿಲ್ಲ. ತನ್ನದೇ ದನಿಯಲ್ಲಿ ಹೇಳಿದ: "ಇನ್ನ ನಾ ಎಲ್ಲಿ ಬಾಯಿ ತೆಗದ್ರೂ ಈ ನಗೀನಽ ಕೇಳಸ್ತೈತಿ, ಅಂತಾಳ."

"ಏ, ಅದಲ್ಲಲೇ! ಹಳೇದು ಹೇಳೋ!"

"ಹಳೇದು ನಾ ಹುಟ್ಟಿಸಿದ್ದು, ಫಕೀರೇಶ. ಆಕಿ ಅಂದದ್ದು ಇದು. ನನಗ ಆವಾಗೂ ಗೊತ್ತಿತ್ತು." ಅವನ ದನಿ ಹಿಂದಿನ ಸಾಲಿನ ಕಡೆ ತಿರುಗಿತು. "ಇಂದುಮತಿ, ಆ ಚೀಟಿ ಓದೂಕಿಂತ ಮೊದಲೂ ಗೊತ್ತಿತ್ತು."

ಯಾರೋ ನನ್ನನ್ನು ನಿಲ್ಲಿಸಿದರು. ನನ್ನ ಪಟ್ಟಿ ಯಂತ್ರದ ಉರುಳೆಗೆ ಸುತ್ತಿಕೊಂಡೇ ಉಳಿಯಿತು.

"ಬಿಡೋ ಮಾರಾಯ, ಹುಡುಗಾಟಿಕಿ ಅದು. ಚೀಟಿ ಬರದವನು ನಾನು, ತಪ್ಪಿದ್ರ ನಂದು" ಎಂದು ಫಕೀರೇಶ ನಗಲು ನೋಡಿದ.

ಆಗ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವಳ ಹೆಸರನ್ನಷ್ಟೇ ಕೇಳಿದ್ದೆ.

"ಬರದವ ಯಾರು ಅಂತ ನಾ ಎಂದೂ ಕೇಳ್ಲಿಲ್ಲ" ಎಂದಳು ಇಂದುಮತಿ. "ನನಗ ಕೇಳಿಸಿದ ದನಿ ತೋಟಪ್ಪಂದು."

"ಹೌದು" ಎಂದ ತೋಟಪ್ಪ.

"ಇಷ್ಟ ವರ್ಷ ಯಾಕ ಬೇಕಾತು?"

ಉತ್ತರಕ್ಕೆ ಕಾಯದೆ ಅವಳು ಮತ್ತೆ ಮಾತು ಶುರು ಮಾಡಿದಳು, ಆದರೆ ದನಿ ಸಣ್ಣದು. ಯಾರೋ "ಕೇಳವಲ್ದು, ಮೈಕ್ ಕೊಡ್ರಿ ಆಕಿಗೆ" ಎಂದರು. ತೋಟಪ್ಪನ ಹೆಜ್ಜೆ ಅವಳ ಕಡೆ ಹೋಗುವುದು ಕೇಳಿಸಿತು.

"ಮೈಕ್ ಬ್ಯಾಡ" ಎಂದಳು. "ಕೇಳದಿದ್ರ ಸಮೀಪ ಬರ್ರಿ."

ಒಂದು ಕುರ್ಚಿ ನೆಲ ಕೆರೆಯಿತು. ಆಮೇಲೆ ಇನ್ನೊಂದು. ಆಮೇಲೆ ಹತ್ತಿಪ್ಪತ್ತು. ಎಲ್ಲ ಸದ್ದುಗಳೂ ನನ್ನಿಂದ ದೂರ, ಅವಳ ಕಡೆಗೆ ಸರಿದವು.

ಅವಳು ತುಂಬ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಎಲ್ಲರೂ ನಕ್ಕರು. ಆ ನಗುವನ್ನು ಅವಳೇ ತರಿಸಿದ್ದಳು. ಅವಳು ಏನು ಹೇಳಿದಳೆಂದು ನಾನು ಇಲ್ಲಿ ಹೇಳುವುದಿಲ್ಲ. ಒಬ್ಬಳ ಮಾತನ್ನು ಇನ್ನೊಬ್ಬರು ಹೇಳಿದ್ದರಿಂದ ಆದದ್ದನ್ನು ಇಷ್ಟು ಹೊತ್ತು ಹೇಳಿದ್ದೇನೆ.

ಆ ದಿನ ನನ್ನನ್ನು ಯಂತ್ರದಿಂದ ಹೊರಗೆ ತೆಗೆಯಲು ಎಲ್ಲರೂ ಮರೆತರು. ಯಂತ್ರದ ಜೊತೆಗೇ ಗದಗಿಗೆ ಬಂದು ಮೌನೇಶನ ಅಟ್ಟ ಸೇರಿದೆ. ತೋಟಪ್ಪ ಒಮ್ಮೆ ಬಂದಿದ್ದ. "ಕ್ಯಾಸೆಟ್ ಒಳಗ ಸಿಕ್ಕೊಂಡೈತ್ರೀ ಸರ್, ಬಿಚ್ಚಿ ಕೊಡ್ಲೇನು?" ಎಂದು ಮೌನೇಶ ಕೇಳಿದ. "ಇರ್ಲಿ ಬಿಡು" ಎಂದ ತೋಟಪ್ಪ. ಅವನು ಕ್ಷಮೆ ಪಡೆದನೋ ಇಲ್ಲವೋ ನನಗೆ ತಿಳಿಯದು. ಅವನ ಹೆಜ್ಜೆ ಹಗುರಾಗಿತ್ತು ಎಂದು ಹೇಳಿದರೆ ಅದೂ ನಾನು ಹುಟ್ಟಿಸಿದ ಮಾತಾದೀತು.

ನನ್ನ ಪಟ್ಟಿಯ ಒಂದು ಗೇಣು ಇನ್ನೂ ಉರುಳೆಯ ಮೇಲೆ ಬಿಗಿದು ನಿಂತಿದೆ, ಸಿನಿಮಾದ ಆ ಹುಡುಗಿ ಮಾತು ಮುಗಿಸಿದ ಜಾಗದಲ್ಲಿ. ಹಿಂದೆ ಅವಳ ಮಾತು, ಮುಂದೆ ರೇಡಿಯೊ ಹುಡುಗರ ಗೆಲುವು. ಅತ್ತಲೂ ಹೋಗಲಾರೆ, ಇತ್ತಲೂ ಬರಲಾರೆ. ಅಟ್ಟದ ಧೂಳಿನಲ್ಲಿ ಕೆಳಗಿನ ಗಿರಾಕಿಗಳ ಮಾತು ಕೇಳುತ್ತ ಇದ್ದೇನೆ. ಈಗೀಗ ಯಾರಾದರೂ ಜೋರಾಗಿ ನಕ್ಕರೆ, ಆ ನಗುವಿನ ಅಡಿಯಲ್ಲಿ ಇನ್ನೊಂದು ದನಿ ಇದೆಯೇ ಎಂದು ಕಿವಿಗೊಡುತ್ತೇನೆ.