ಐದನೆಯ ಮೆಟ್ಟಿಲು ಕೆಂಪಗಿತ್ತು

ನಾನು ಒಂದು ಏಣಿ. ನಮ್ಮೂರಿನವರು ನಿಚ್ಚಣಿಕೆ ಅನ್ನುತ್ತಾರೆ. ನನಗೆ ಹನ್ನೊಂದು ಮೆಟ್ಟಿಲುಗಳಿದ್ದವು, ಈಗ ಹತ್ತಿವೆ. ಊರು ಗದಗಿನ ಕಡೆಯದು, ಗುಡ್ಡದ ಬುಡದಲ್ಲಿದೆ, ಮನೆಮನೆಯಲ್ಲೂ ಮಗ್ಗದ ಸದ್ದು. ಊರಿನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಲು ನನಗೆ ನಾಚಿಕೆ.

ಬಡಿಗೇರ ಮೌನೇಶಪ್ಪ ನನ್ನನ್ನು ಮತ್ತಿಯ ಕಟ್ಟಿಗೆಯಿಂದ ಮಾಡಿದ. ಒಂದೂ ಮೊಳೆ ಬಳಸದೆ, ತೂತು ಕೊರೆದು, ಗೂಟ ಬಡಿದು ಕೂಡಿಸಿದ. ಮಾಡಿಸಿಕೊಂಡವನು ವಿಠೋಬಪ್ಪ ಚಿತ್ರಗಾರ, ನಾಟಕದ ಪರದೆ ಬರೆಯುವವನು. ಅರಮನೆ, ಕಾಡು, ಬೀದಿ, ಈ ಮೂರು ಪರದೆಗಳಿದ್ದರೆ ಆ ಕಾಲದಲ್ಲಿ ಯಾವ ನಾಟಕವೂ ನಡೆದುಹೋಗುತ್ತಿತ್ತು. ನನ್ನನ್ನು ಮನೆಗೆ ತಂದ ಎರಡನೆಯ ವರ್ಷವೇ ವಿಠೋಬಪ್ಪನ ಬಲಗೈ ನಡುಗತೊಡಗಿತು. ಒಂದು ಅರಮನೆ ಅರ್ಧಕ್ಕೆ ನಿಂತಿತು. ನಾಟಕಕ್ಕೆ ಎಂಟೇ ದಿನ ಉಳಿದಿತ್ತು. ಆಗ ಅವನ ಮಗಳು ತುಳಜಾ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ನನ್ನ ಮೇಲೆ ಕಾಲಿಟ್ಟಳು. ಅವಳಿಗೆ ಹದಿನೇಳು ವರ್ಷ.

"ಹೆಣ್ಣುಮಗಳು ನಿಚ್ಚಣಿಕಿ ಏರೂದು ನಾ ಎಲ್ಲೂ ನೋಡಿಲ್ಲವ್ವಾ," ಎಂದ ಓಣಿಯ ಹಿರಿಯನೊಬ್ಬ.

"ಹಂಗಾರ ಇವತ್ತ ನೋಡ್ರಿ, ಕಾಕಾ. ಆದ್ರ ಕೆಳಗ ನಿಂದರಬ್ಯಾಡ್ರಿ, ಬಣ್ಣ ಸಿಡಿತೈತಿ," ಎಂದಳು ತುಳಜಾ.

ನಮಗೆ ಏಣಿಗಳಿಗೆ ಮನುಷ್ಯರ ಮುಖ ಕಾಣುವುದು ತಡವಾಗಿ. ಮೊದಲು ಗೊತ್ತಾಗುವುದು ಪಾದ. ಕೆಲವರು ಹೆದರಿ ಬೆರಳು ಮಡಚುತ್ತಾರೆ, ಕೆಲವರು ಯಜಮಾನಿಕೆಯಿಂದ ಧಪ್ಪನೆ ತುಳಿಯುತ್ತಾರೆ. ತುಳಜಾಳ ಪಾದ ಅಗಲವಾಗಿತ್ತು, ಎಡಗಾಲಿನ ಕಿರುಬೆರಳು ಸ್ವಲ್ಪ ಸೊಟ್ಟ. ಗಂಟೆಗಟ್ಟಲೆ ನಿಂತರೂ ನನಗೆ ನೋವಾಗದ ಹಾಗೆ ನಿಲ್ಲುತ್ತಿದ್ದಳು. ಅಂಥ ಪಾದ ಮುಂದೆ ಅರವತ್ತಾರು ವರ್ಷ ಆ ಊರಿಗಾಗಿ ನಡೆಯಿತು. ಆ ಊರು ಅದಕ್ಕೆ ಏನು ಮಾಡಿತು ಎಂಬುದನ್ನು ಹೇಳಲಿಕ್ಕೇ ನಾನು ಬಾಯಿ ಬಿಟ್ಟಿದ್ದೇನೆ.

ಅವಳು ಪರದೆ ಬರೆದಳು. ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದಳು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಜ್ವರ ಬಂದು ಮಲಗಿದ ದಿನ ಅವರ ಜಾಗದಲ್ಲಿ ಕುಳಿತು ಪೇಟಿ ನುಡಿಸಿದಳು. ಪೋಲಿಯೊ ಹನಿಯ ದಿನ ಬಂದರೆ ಗೋಡೆಗೋಡೆಗೂ ಅವಳದೇ ಅಕ್ಷರ. ಯಾರೂ ದಿಕ್ಕಿಲ್ಲದ ಹೆಂಗಸು ಸತ್ತರೆ ಮೈ ತೊಳೆದು ಸೀರೆ ಉಡಿಸಲು ತುಳಜಕ್ಕನೇ ಬೇಕು. ಅಡುಗೆ ಮಾತ್ರ ಬರುತ್ತಿರಲಿಲ್ಲ, ಮೂಗಿನ ತುದಿಯಲ್ಲೇ ಸಿಟ್ಟಿತ್ತು. ಒಮ್ಮೆ ಕುಂಚವನ್ನು ಚಹಾದಲ್ಲಿ ಅದ್ದಿ, ಬಣ್ಣ ತೊಳೆದ ನೀರನ್ನು ಚಹಾ ಎಂದು ಕುಡಿದು, ಚಹಾ ಮಾಡಿಕೊಟ್ಟವಳನ್ನೇ ಬೈದಳು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಪರದೆ ಅರ್ಧಕ್ಕಿರುತ್ತಿತ್ತು. ಹೀಗೇ ವರ್ಷ ಕಳೆದವು.

ಇನ್ನು ನನ್ನ ಐದನೆಯ ಮೆಟ್ಟಿಲಿನ ಕಥೆ.

ಅವಳಿಗೆ ಮೂವತ್ತೆರಡು ಇರಬೇಕು. ಒಂದು ಮಧ್ಯಾಹ್ನ ಊರಿನ ಹಳ್ಳ ತುಂಬಿ ಹರಿಯುತ್ತಿತ್ತು. ನೇಕಾರರ ಓಣಿಯ ನಾಗವ್ವನಿಗೆ ಹೆರಿಗೆಯ ಬೇನೆ. ಕೂಸು ಅಡ್ಡ ತಿರುಗಿದೆ, ಇಲ್ಲಿ ಆಗುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳು. ದವಾಖಾನೆ ಹಳ್ಳದ ಆಚೆ. ಬಂಡಿ ಇಳಿಯುವ ಹಾಗಿಲ್ಲ. ಗಂಡಸರೆಲ್ಲ ದಂಡೆಯ ಮೇಲೆ ನಿಂತು ನೀರು ಎಷ್ಟು ಏರಿದೆ ಎಂದು ಚರ್ಚೆ ಮಾಡುತ್ತಿದ್ದರು. ತುಳಜಾ ನನ್ನನ್ನು ತಂದು ನೆಲದ ಮೇಲೆ ಮಲಗಿಸಿದಳು, ಎರಡು ಕೌದಿ ಹಾಸಿದಳು, ನಾಗವ್ವನನ್ನು ಮಲಗಿಸಿ ಹಗ್ಗದಿಂದ ಕಟ್ಟಿದಳು.

"ಮಾತು ಸಾಕು. ನಾಲ್ಕು ಮಂದಿ ಬರ್ರಿ, ಹೆಗಲು ಕೊಡ್ರಿ. ನಿಚ್ಚಣಿಕಿ ಮುಂದಿನ ತುದಿ ನಾ ಹಿಡೀತೇನಿ," ಎಂದಳು.

ಎದೆಮಟ್ಟದ ನೀರಿನಲ್ಲಿ ನಾನು ತೊಟ್ಟಿಲಿನಂತೆ ತೂಗಾಡಿದೆ. ನಡುನೀರಿನಲ್ಲಿ ಒಬ್ಬ ಕಾಲು ಜಾರಿದ. ನಾಗವ್ವನ ನಡುವಿನ ಭಾರವೆಲ್ಲ ನನ್ನ ಐದನೆಯ ಮೆಟ್ಟಿಲಿನ ಮೇಲೆ ಬಿತ್ತು, ಅದು ಉದ್ದಕ್ಕೂ ಸೀಳಿತು. ಆದರೂ ಮುರಿಯಲಿಲ್ಲ. ಆ ಸಂಜೆ ನಾಗವ್ವನಿಗೆ ಗಂಡುಮಗು ಹುಟ್ಟಿತು. ಅಂದಾನಪ್ಪ ಎಂದು ಹೆಸರಿಟ್ಟರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಮೌನೇಶಪ್ಪ ಮೆಟ್ಟಿಲು ಬದಲಿಸಿಕೊಡುತ್ತೇನೆ ಎಂದ. ತುಳಜಾ ಒಪ್ಪಲಿಲ್ಲ. "ಇರ್ಲಿ ಬಿಡೋ ಮೌನೇಶಾ. ಒಂದು ಜೀವಾ ಹೊತ್ತು ಸೀಳೇತಿ," ಎಂದು ಅದಕ್ಕೆ ಹಗ್ಗ ಸುತ್ತಿ, ಗಾಢವಾದ ಕೆಂಪು ಬಣ್ಣ ಬಳಿದಳು. ಅಂದಿನಿಂದ ನನ್ನನ್ನು ಏರುವವರೆಲ್ಲ ನಾಲ್ಕರಿಂದ ಆರಕ್ಕೆ ಕಾಲು ಹಾಕುತ್ತಿದ್ದರು. ಕೆಂಪು ಕಂಡರೆ ತುಳಿಯಬಾರದು ಎಂಬುದು ಓಣಿಯ ಮಕ್ಕಳಿಗೂ ಗೊತ್ತಿತ್ತು.

ಮುಂದೆ ಅವಳು ನೇಕಾರ ಹೆಂಗಸರಿಗೆ ಅಕ್ಷರ ಕಲಿಸಿದಳು. ಸ್ಲೇಟಿರಲಿಲ್ಲ. ಅಂಗಡಿಯ ಬೋರ್ಡು ಬರೆಯಲು ನನ್ನ ಮೇಲೆ ನಿಂತಾಗ ಒಂದೊಂದೇ ಅಕ್ಷರ ಬರೆದು ಕೆಳಗೆ ನೋಡುತ್ತಿದ್ದಳು. ಕೆಳಗೆ ಮಗ್ಗ ಬಿಟ್ಟು ಬಂದ ಹೆಂಗಸರು ಕೂಡಿ ಓದುತ್ತಿದ್ದರು. ಅವರಲ್ಲಿ ನಾಗವ್ವ ಎಲ್ಲರಿಗಿಂತ ನಿಧಾನ. ಕಿರಾಣಿ ಅಂಗಡಿಯಿಂದ ಶುರು ಮಾಡಿ ಹಿಟ್ಟಿನ ಗಿರಣಿಗೆ ಬರುವಷ್ಟರಲ್ಲಿ ಅವಳಿಗೂ ಓದು ಬಂತು.

ಊರಿಗೆ ರಂಗಮಂದಿರ ಬೇಕೆಂದು ಹಟ ಹಿಡಿದವಳೂ ತುಳಜಕ್ಕನೇ. ಅದಕ್ಕಾಗಿ ಸೇವಾ ಮಂಡಳಿ ಕಟ್ಟಿದಳು, ಮನೆಮನೆ ತಿರುಗಿದಳು. ಕಟ್ಟಡವಾದ ಮೇಲೆ ದಾನಿಗಳ ಹೆಸರಿನ ಫಲಕವನ್ನು ಬರೆದಳು. ಇನ್ನೂರಕ್ಕೂ ಹೆಚ್ಚು ಹೆಸರು. ಒಂದು ತಗಡು ಕೊಟ್ಟವನ ಹೆಸರೂ ಇತ್ತು. ಅವಳದೊಂದು ಇರಲಿಲ್ಲ.

ಆಮೇಲೆ ರಂಗದ ಹಿಂಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಆರಂಭಿಸಿದಳು. ನೆಲದಿಂದ ಮಾಡಿನವರೆಗೆ ನಮ್ಮೂರಿನದೇ ಓಣಿ. ಮಗ್ಗಗಳು, ನೂಲಿನ ಕಂಡಿಕೆ ಸುತ್ತುವ ಮುದುಕಿಯರು, ಹಿಂದೆ ಗುಡ್ಡ. ಎಲ್ಲ ಮುಖಗಳೂ ಊರಿನ ನಿಜವಾದ ಮುಖಗಳು. ಊರ ಅಗಸಿಬಾಗಿಲ ಹತ್ತಿರ ಕೂರುವ ಕುರುಡ, ಬಳೆಗಾರ ಇಮಾಮಸಾಬ, ಪೇಟಿ ಮಾಸ್ತರರು. ಕೆಳಗೆ ಒಂದು ಮಗ್ಗದ ಬಳಿ ನಾಗವ್ವ, ಅವಳ ಕಾಲ ಬಳಿ ತೊಟ್ಟಿಲು, ತೊಟ್ಟಿಲಲ್ಲಿ ಹುಟ್ಟಿದಾಗಿನ ಅಂದಾನಪ್ಪ. ಎಲ್ಲವೂ ಎಣ್ಣೆಬಣ್ಣದಲ್ಲಿ. "ಸುಣ್ಣದ ಬಣ್ಣ ನೀರಿಗೆ ಹೋಗ್ತೈತಿ, ಎಣ್ಣಿ ಬಣ್ಣ ನಿಂದರ್ತೈತಿ," ಅನ್ನುತ್ತಿದ್ದಳು.

ಬಣ್ಣದ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಕೆಲಸ ಪೂರ್ತಿಯಾದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆಯುವುದು. ಮುಗಿಯುವ ಮೊದಲು ಬರೆದರೆ ಕೈ ನಿಲ್ಲುತ್ತದೆ ಎಂಬ ನಂಬಿಕೆ. ತುಳಜಕ್ಕ ಆ ಮೂಲೆಯಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದಳು. ಆದರೆ ಚಿತ್ರ ಮುಗಿಯಲೇ ಇಲ್ಲ. ಊರಿಗೆ ಹೊಸ ಸೊಸೆ ಬಂದರೆ ಒಂದು ಮುಖ ಕೂಡುತ್ತಿತ್ತು, ಯಾರಾದರೂ ಸತ್ತರೆ ಗುಡ್ಡದ ಮೇಲೆ ಒಂದು ದೀಪ ಕೂಡುತ್ತಿತ್ತು. ಹೆಸರು ಬರೆಯವ್ವಾ ಎಂದು ನಾಗವ್ವ ಹೇಳಿದಾಗಲೆಲ್ಲ, "ಮುಗೀಲಿ ತಡಿ," ಎನ್ನುತ್ತಿದ್ದಳು. ನನಗೆ ಆಗಲೇ ಸಿಟ್ಟು ಬರುತ್ತಿತ್ತು. ಊರವರ ಮೇಲೆ ಅಷ್ಟು ಭರವಸೆ ಇಡಬಾರದು.

ಎಪ್ಪತ್ತನಾಲ್ಕನೆಯ ವಯಸ್ಸಿಗೆ ಅವಳ ಮೊಣಕಾಲು ಸೋತವು. ನನ್ನನ್ನು ರಂಗಮಂದಿರಕ್ಕೆ ಒಪ್ಪಿಸಿ, ಐದನೆಯದರ ಕೆಂಪನ್ನು ಇನ್ನೊಮ್ಮೆ ಬಳಿದು ಹೋದಳು. ಅಷ್ಟರಲ್ಲಿ ಅಂದಾನಪ್ಪ ಮಂಡಳಿಯ ಅಧ್ಯಕ್ಷನಾಗಿದ್ದ. ಸಭೆಗಳಿಗೆ ತುಳಜಕ್ಕ ಹೋದರೆ ಹಿಂದಿನ ಸಾಲಿನಲ್ಲಿ ಕುರ್ಚಿ. ಮಾತಾಡಲು ಎದ್ದರೆ, "ಅಕ್ಕಾರು ಕೂಡ್ರಿ, ದಣೀತೀರಿ," ಎಂದು ಅಂದಾನಪ್ಪನೇ ಕೂರಿಸುತ್ತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇವನಂತೂ ನಿಜವಾಗಿಯೂ ಹಳ್ಳ ದಾಟಿ ಹುಟ್ಟಿದವನು.

ಎಂಬತ್ತಮೂರನೆಯ ವಯಸ್ಸಿನಲ್ಲಿ ತುಳಜಕ್ಕ ತೀರಿಕೊಂಡಳು. ಊರಿನಲ್ಲಿ ಅಷ್ಟು ಹೆಂಗಸರ ಮೈ ತೊಳೆದವಳ ಮೈಯನ್ನು ನಾಗವ್ವ ತೊಳೆದಳಂತೆ.

ಒಂಬತ್ತನೆಯ ದಿನ ಶ್ರದ್ಧಾಂಜಲಿ ಸಭೆ ಎಂದು ಗೊತ್ತಾಯಿತು. ಹೊರಗಿನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ರಂಗಮಂದಿರ ಚೊಕ್ಕವಾಗಿ ಕಾಣಬೇಕು ಎಂದು ಅಂದಾನಪ್ಪ ಬೇರೆ ಊರಿನಿಂದ ಇಬ್ಬರು ಬಣ್ಣದವರನ್ನು ಕರೆಸಿದ. ಅವರು ನನ್ನನ್ನೇ ಹಿಂಗೋಡೆಗೆ ಒರಗಿಸಿದರು, ಹಗ್ಗ ಸುತ್ತಿದ ಕೆಂಪು ಮೆಟ್ಟಿಲನ್ನು ದಾಟಿಯೇ ಏರಿದರು. ಬಕೆಟಿನಲ್ಲಿ ಅಗ್ಗದ ಬಿಳಿ ಡಿಸ್ಟೆಂಪರು.

ಅವರಲ್ಲಿ ಒಬ್ಬ ಚಿತ್ರವನ್ನು ನೋಡಿ ಕೈ ತಡೆದ. "ಸಾಹೇಬ್ರ, ಇದರ ಮ್ಯಾಲೂ ಹೊಡೀಬೇಕೇನ್ರಿ? ಚಿತ್ರ ಭಾಳ ಛಲೋ ಐತ್ರಿ."

"ಹೊಡಿಯೋ. ಅಲ್ಲೇ ಅಕ್ಕಾರ ದೊಡ್ಡ ಫ್ಲೆಕ್ಸ್ ಬರೂದೈತಿ. ಹಿಂದ ಬಣ್ಣಬಣ್ಣ ಇದ್ರ ಅಕ್ಕಾರ ಫೋಟೋ ಎದ್ದು ಕಾಣೂದಿಲ್ಲ," ಎಂದ ಅಂದಾನಪ್ಪ.

ಇದನ್ನು ನಾನು ಮತ್ತೊಮ್ಮೆ ಹೇಳುತ್ತೇನೆ, ಯಾಕೆಂದರೆ ನನಗೇ ಇನ್ನೂ ನಂಬಿಕೆ ಬಂದಿಲ್ಲ. ಅವಳ ಫೋಟೋ ಚೆನ್ನಾಗಿ ಕಾಣಲೆಂದು ಅವಳ ಚಿತ್ರಕ್ಕೆ ಬಿಳಿ ಬಳಿಸಿದರು. ಅವಳನ್ನು ನೆನೆಯುವ ಸಭೆಗಾಗಿ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಮಂಗ ಕಚ್ಚಿ ನೋಡಿ ಎಸೆಯುತ್ತದೆ, ಅಷ್ಟೇ. ಇವರು ಮಾಣಿಕ್ಯವನ್ನು ಹೂತು ಮೇಲೆ ಹೂವಿನ ಹಾರ ಹಾಕಿದರು. ಅರ್ಧ ದಿನದಲ್ಲಿ ಬಳೆಗಾರ ಹೋದ, ಕುರುಡ ಹೋದ, ಗುಡ್ಡದ ದೀಪಗಳು ಹೋದವು. ಆ ಕೆಲಸಕ್ಕೆ ಬೆನ್ನು ಕೊಟ್ಟು ನಿಂತವನು ನಾನು. ಏಣಿಗೆ ಬೇಡ ಎನ್ನುವ ಬಾಯಿಲ್ಲ.

ಕಿಟಕಿಯ ಸರಳುಗಳಿಗೆ ಬಳಿದು ಉಳಿದಿದ್ದ ಬೆಳ್ಳಿಬಣ್ಣವನ್ನು ನನಗೂ ಬಳಿದರು. ಹಳೆಯ ಏಣಿ ಸಭೆಯಲ್ಲಿ ಅಸಹ್ಯ ಕಾಣಬಾರದಂತೆ. ಐದನೆಯ ಮೆಟ್ಟಿಲಿನ ಕೆಂಪು ಮುಚ್ಚಿಹೋಯಿತು.

ಸಭೆಯ ದಿನ ಹಿಂಗೋಡೆಯ ತುಂಬ ಫ್ಲೆಕ್ಸ್. ಅದರಲ್ಲಿ ಕೈಮುಗಿದ ಅಂದಾನಪ್ಪ ಆಳುದ್ದ ಇದ್ದ, ಸುತ್ತ ಹನ್ನೆರಡು ಜನ ಗಣ್ಯರು, ಮೇಲೆ ದುಂಡಗಿನ ಚೌಕಟ್ಟಿನಲ್ಲಿ ತುಳಜಕ್ಕ. ಭಾಷಣಗಳಾದವು. ಅವಳು ಹಾಡುತ್ತಿದ್ದಳು ಎಂದ ಒಬ್ಬ. ಅವಳು ಒಂದು ದಿನವೂ ಹಾಡಿದವಳಲ್ಲ, ಪೇಟಿ ನುಡಿಸಿದವಳು. ಕೊನೆಗೆ ಅಂದಾನಪ್ಪ ಎದ್ದ. ಕೆಳಗಿಟ್ಟ ಫೋಟೋಗೆ ಹಾರ ಹಾಕಿದರೆ ಸಾಲದು, ಮೇಲಿನ ಫೋಟೋಗೇ ಹಾಕಬೇಕು, ಪತ್ರಿಕೆಯವರು ತೆಗೆದುಕೊಳ್ಳಲಿ ಎಂದು ನನ್ನನ್ನು ತರಿಸಿ ಒರಗಿಸಿದ. ಹಾರ ಹೆಗಲಿಗೆ ಹಾಕಿಕೊಂಡು ಏರತೊಡಗಿದ. ಒಂದು, ಎರಡು, ಮೂರು, ನಾಲ್ಕು. ಮುಖವನ್ನು ಕ್ಯಾಮೆರಾ ಕಡೆ ತಿರುಗಿಸಿದ.

ಮುಂದಿನ ಸಾಲಿನಿಂದ ಒಂದು ಮುದಿ ದನಿ ಕೂಗಿತು. "ಐದನೇದಕ್ಕ ಕಾಲಿಡಬ್ಯಾಡೋ, ಅಂದಾನಿ."

ಅವನು ಇಟ್ಟಾಗಿತ್ತು. ಮೆಟ್ಟಿಲು ಲಟಕ್ಕೆಂದಿತು. ಅಂದಾನಪ್ಪ ಫ್ಲೆಕ್ಸನ್ನು ಹಿಡಿದುಕೊಂಡ, ಫ್ಲೆಕ್ಸ್ ಹರಿದುಕೊಂಡು ಅವನ ಜೊತೆಗೇ ಕೆಳಗೆ ಬಂತು. ಕಾಲಿನ ಎಲುಬು ಮುರಿಯಿತು. ಏರಿದ ಏಣಿಯನ್ನು ಒದೆಯುವವರನ್ನು ನೀವು ನೋಡಿದ್ದೀರಿ. ಏಣಿಯೇ ಒದೆಯಿತು ಎಂದು ಊರಲ್ಲಿ ಈಗ ಮಾತಿದೆ. ಅದು ಸುಳ್ಳು. ಅವನ ತಾಯಿಯ ಭಾರಕ್ಕೆ ಸೀಳಿದ ಮೆಟ್ಟಿಲು ಅವನ ಭಾರಕ್ಕೆ ಮುರಿಯಿತು. ಎಚ್ಚರಿಕೆಯ ಕೆಂಪನ್ನು ಅವನೇ ಮುಚ್ಚಿಸಿದ್ದ. ಆದರೆ ನನಗೆ ಮರುಕ ಬಂತೇ ಎಂದು ಕೇಳಿದರೆ, ಬರಲಿಲ್ಲ.

ನಾಗವ್ವ ಕೋಲೂರಿಕೊಂಡು ರಂಗದ ಮೇಲೆ ಬಂದಳು. ಮೊದಲು ಮಗನ ತಲೆ ಮುಟ್ಟಿ ನೋಡಿದಳು, ತಾಯಿಯಲ್ಲವೇ. ಆಮೇಲೆ ಬಿಳಿ ಗೋಡೆಯನ್ನು ನೋಡಿದಳು.

"ಚಿತ್ರಾ ಎಲ್ಲೈತೋ?"

ಮತ್ತೆ ಮಗನ ಕಡೆ ತಿರುಗಿದಳು.

"ನೀ ಹೊಟ್ಟ್ಯಾಗಿದ್ದಿ. ಈ ನಿಚ್ಚಣಿಕಿ ಮ್ಯಾಲ ನನ್ನ ಹಾಕ್ಕೊಂಡು ಎದಿಮಟ ನೀರಾಗ ಹಳ್ಳ ದಾಟಿಸಿದಾಕಿ ಆಕಿ. ಆ ಮೆಟ್ಟಲಾ ಆವತ್ತ ಸೀಳಿದ್ದು. ನಿನಗ ನೂರು ಸಲ ಹೇಳೇನಿ, ನೀ ಒಂದು ಸಲಾನೂ ಕೇಳಿಲ್ಲ," ಎಂದಳು ನಾಗವ್ವ.

ಅಂದಾನಪ್ಪ ನೋವಿನಿಂದಲೋ ನಾಚಿಕೆಯಿಂದಲೋ ಕಣ್ಣು ಮುಚ್ಚಿದ. ಅವನನ್ನು ದವಾಖಾನೆಗೆ ಒಯ್ದರು. ಗಣ್ಯರು ಗಡಿಯಾರ ನೋಡಿಕೊಂಡು ಹೊರಟರು.

ಅವರು ಹೋದ ಮೇಲೆ ನಾಗವ್ವ ಸೆರಗನ್ನು ಕುಡಿಯುವ ನೀರಿನ ಕೊಡದಲ್ಲಿ ಅದ್ದಿದಳು. ಗೋಡೆಯ ಬುಡದಲ್ಲಿ ಕುಳಿತು ತಿಕ್ಕತೊಡಗಿದಳು. ಅಗ್ಗದ ಡಿಸ್ಟೆಂಪರು ಹಾಲಿನಂತೆ ಇಳಿಯಿತು. ಕೆಳಗಿನ ಎಣ್ಣೆಬಣ್ಣ ಅಲುಗಿರಲಿಲ್ಲ. ಮೊದಲು ಕಂಡಿದ್ದು ತೊಟ್ಟಿಲು. ಅದರಲ್ಲಿ ಎರಡು ಮುಷ್ಟಿ ಬಿಗಿಹಿಡಿದ ಕೂಸು. ಆಗ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಕೈ ಎಟಕುವವರೆಗೆ ತಿಕ್ಕಿದರು.

ಬಲಗಡೆಯ ಕೆಳಮೂಲೆಯಲ್ಲಿ ಅವಳು ಬಿಟ್ಟಿದ್ದ ಗೇಣು ಜಾಗ ಹಾಗೇ ಇತ್ತು. ನಾಗವ್ವ ಕುಂಚ ಕೇಳಿದಳು. ನನಗೆ ಬಳಿದು ಉಳಿದ ಬೆಳ್ಳಿಬಣ್ಣದಲ್ಲಿ, ಅಂಗಡಿಯ ಬೋರ್ಡು ನೋಡಿ ಕಲಿತ ಅಕ್ಷರಗಳಲ್ಲಿ, ಬಹಳ ನಿಧಾನವಾಗಿ ಬರೆದಳು: ತುಳಜಾ ಚಿತ್ರಗಾರ.

ಇದಾಗಿ ಎರಡು ತಿಂಗಳು. ನನ್ನನ್ನು ಅಪಶಕುನದ ಏಣಿ ಎಂದು ಹಿಂದಿನ ನೀರಿನ ಟಾಕಿಯ ಪಕ್ಕಕ್ಕೆ ಎಸೆದಿದ್ದಾರೆ. ಕಾಲಿಗೆ ಗೆದ್ದಲು ಹತ್ತಿದೆ. ರಂಗದ ಹಿಂಬಾಗಿಲು ತೆರೆದಾಗ ಗೋಡೆ ಕಾಣುತ್ತದೆ. ತೊಟ್ಟಿಲಿದೆ, ಮಗ್ಗಗಳಿವೆ, ಸಾಲಾಗಿ ಪಾದಗಳಿವೆ, ಮೂಲೆಯಲ್ಲಿ ಹೆಸರಿದೆ. ಕೈ ಎಟಕಿದಲ್ಲಿಂದ ಮೇಲೆ ಎಲ್ಲವೂ ಬಿಳಿ. ಅಲ್ಲಿ ಒಂದು ಮುಖವೂ ಇಲ್ಲ. ಮೇಲಿನದನ್ನು ಏನು ಮಾಡಬೇಕೆಂದು ಮಂಡಳಿ ಸಭೆ ಕರೆದು ತೀರ್ಮಾನಿಸುತ್ತದಂತೆ. ಅಂದಾನಪ್ಪನ ಕಾಲು ಕೂಡಿದ ಮೇಲೆ.

ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಬಂದು ನನ್ನನ್ನು ಎತ್ತಿ. ಗೋಡೆಗೆ ಒರಗಿಸಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಏರಿ. ಗೆದ್ದಲು ಇನ್ನೂ ಮೇಲಕ್ಕೆ ಬಂದಿಲ್ಲ, ಹತ್ತು ಮೆಟ್ಟಿಲುಗಳು ಗಟ್ಟಿಯಾಗಿವೆ. ನಾಲ್ಕರಿಂದ ಆರಕ್ಕೆ ಕಾಲು ಹಾಕಿದರೆ ಸಾಕು, ಅವಳು ಹಾಕುತ್ತಿದ್ದ ಹಾಗೆ.